ಟಿಕೆಟಕ್ಕನ ಪ್ಯಾಸೆಂಜರುಗಳು

ಕಳೆದ ತಿಂಗಳು ಒಂದು ಬೆಳಿಗ್ಗೆ ಮಣ್ಣಗುಡ್ಡದ ನಮ್ಮ ಓಣಿಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಇರಲಿಲ್ಲ. ಉಳ್ಳಾಲದಿಂದ ರಿಕ್ಷಾ ಮಾಡಿಕೊಂಡು ಬಂದವರಿದ್ದರು, ಕೂಳೂರಿನ ಕಡೆಯವರಿದ್ದರು, ಬೀಡಿ ಕಟ್ಟುವ ಮೊರವನ್ನು ಅರ್ಧಕ್ಕೆ ಬಿಟ್ಟು ಬಂದ ಹೆಂಗಸರಿದ್ದರು. ಅವರಲ್ಲಿ ಒಬ್ಬರಿಗೆ ಇನ್ನೊಬ್ಬರ ಗುರುತಿಲ್ಲ. ಟಿಕೆಟಕ್ಕ ತೀರಿಕೊಂಡಿದ್ದರು. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಅವರ ಗಂಡ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, “ಟೀಚರೇ, ಇವರೆಲ್ಲ ಯಾರು? ಇವಳಿಗೆ ಇಷ್ಟು ನೆಂಟರು ಯಾವಾಗ ಆದದ್ದು ಮಾರಾಯ್ತಿ?” ಇವರೆಲ್ಲ ಅಕ್ಕನ ಪ್ಯಾಸೆಂಜರುಗಳ ಮನೆಯವರು ಎಂದೆ. ಅವರು ತಲೆಯಾಡಿಸಿದರು. ಅರ್ಥವಾದಂತೆ ಕಾಣಲಿಲ್ಲ.

ನಮ್ಮ ಓಣಿಗೆ ಅವರು ಟಿಕೆಟಕ್ಕ. ಸರಿಯಾದ ಹೆಸರು ಮತದಾರರ ಪಟ್ಟಿಯಲ್ಲಿ ಇದ್ದೀತು, ಆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ಪೇಟೆಯ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ, ಅವರು ಬಹುಕಾಲ ಕೂತರು. ನಮ್ಮ ಕಡೆಯ ಅದೆಷ್ಟೋ ಮಂದಿ ಗಲ್ಫಿಗೆ ಹೋದದ್ದು ಅವರು ಮಾಡಿಕೊಟ್ಟ ಟಿಕೆಟಿನಲ್ಲಿ. ಹೋದವರಲ್ಲಿ ಕೆಲವರು ಅಲ್ಲೇ ಜೀವ ಬಿಟ್ಟರು. ಅವರನ್ನು ಊರಿಗೆ ತರಿಸುವ ಕಾಗದಪತ್ರದ ಕೆಲಸವೂ ನಿಧಾನಕ್ಕೆ ಅದೇ ಮೇಜಿಗೆ ಬಂತು. ಟಿಕೆಟು ಹಿಡಿದು ಹೋದವರೂ ಪೆಟ್ಟಿಗೆಯಲ್ಲಿ ಬಂದವರೂ ಅಕ್ಕನಿಗೆ ಪ್ಯಾಸೆಂಜರೇ. ಫೋನಿನಲ್ಲಿ ಅತ್ತ ಕಡೆಯವರು ಬಾಡಿ ಗೀಡಿ ಎಂದರೆ ಇವರು ತಿದ್ದುವುದಕ್ಕೆ ಹೋಗುತ್ತಿರಲಿಲ್ಲ, ತಮ್ಮ ಸರದಿ ಬಂದಾಗ ಗಟ್ಟಿಯಾಗಿ, “ನಮ್ಮ ಪ್ಯಾಸೆಂಜರ್ ಆಸ್ಪತ್ರೆಯಿಂದ ಹೊರಟ್ರಾ ಇಲ್ವಾ?” ಎಂದು ಕೇಳುತ್ತಿದ್ದರು. ಎರಡು ದಿನದಲ್ಲಿ ಅತ್ತ ಕಡೆಯವರೂ ಪ್ಯಾಸೆಂಜರ್ ಎನ್ನಲು ಶುರು ಮಾಡುತ್ತಿದ್ದರು.

ಇಂಥ ಕೆಲಸಕ್ಕೆ ಇಳಿದವರ ಹಿಂದೆ ಏನಾದರೂ ದೊಡ್ಡ ದುಃಖ ಇರಬೇಕು ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ. ನಿಮ್ಮವರು ಯಾರಾದರೂ ಅಲ್ಲಿ ತೀರಿಕೊಂಡಿದ್ದರಾ ಎಂದು ಒಮ್ಮೆ ಮೆತ್ತಗೆ ಕೇಳಿದ್ದಕ್ಕೆ ಅಕ್ಕ ಬಿದ್ದು ಬಿದ್ದು ನಕ್ಕರು. “ನಮ್ಮವರಾ? ನಮ್ಮವರು ಮೂಡಬಿದ್ರೆ ದಾಟಿ ಹೋದವರಲ್ಲ. ನನ್ನ ಗಂಡ ಗಟ್ಟಿಮುಟ್ಟಾಗಿ ಮನೆಯಲ್ಲಿ ಕೂತು ಟೀವಿ ನೋಡ್ತಾರೆ, ಬೇಕಾದ್ರೆ ಹೋಗಿ ನೋಡಿ. ಫಾರ್ಮು ತುಂಬ್ಲಿಕ್ಕೆ ಬರ್ತದೆ ಟೀಚರೇ, ಅದಕ್ಕೆ ತುಂಬ್ತೇನೆ. ಬೇರೆ ಎಂತ ಇಲ್ಲ.”

ಫಾರ್ಮು ತುಂಬುವುದನ್ನು ನೋಡಬೇಕಿತ್ತು. ಮೊದಲು ಪೆನ್ಸಿಲಿನಲ್ಲಿ, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಂಡು, ಆಮೇಲೆ ಅದರ ಮೇಲೆ ಪೆನ್ನು. ಮನೆಯವರ ಜೊತೆ ತುಳು, ಏರ್‌ಲೈನ್ಸಿನವರ ಜೊತೆ ಮುರುಕು ಹಿಂದಿ, ಗಲ್ಫಿನ ಕಡೆಗೆ ಫೋನ್ ಹಚ್ಚಿದರೆ ಮಲಯಾಳ. ಮೂರು ಭಾಷೆಯಲ್ಲೂ ಬೈಯುವ ಸ್ವರ ಮಾತ್ರ ಒಂದೇ. ಸಕ್ಕರೆ ಕಾಯಿಲೆ ಇತ್ತು, ಆದರೂ ಚಹಾಕ್ಕೆ ಎರಡು ಚಮಚ ಸಕ್ಕರೆ ಬೇಕು. ಬುದ್ಧಿ ಹೇಳಲು ಹೋದವರಿಗೆ ಅವರ ಮನೆಯ ನಾಲ್ಕು ಗುಟ್ಟು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಕೆಲಸ ಆದ ಮನೆಯವರು ಹಣ್ಣು, ಸೀರೆ ಎಂದು ತಂದರೆ ಬಾಗಿಲಿನಿಂದಲೇ ವಾಪಸು. ಬಂಗುಡೆ ತಂದರೆ ಮಾತ್ರ, “ಛೆ ಛೆ, ಇದೆಲ್ಲ ಎಂತಕ್ಕೆ?” ಎನ್ನುತ್ತ ಪಾತ್ರೆ ತರಲು ಒಳಗೆ ಹೋಗುತ್ತಿದ್ದರು.

ಅವರ ಕೆಲಸಕ್ಕೆ ಅವರದೇ ಕ್ರಮಗಳಿದ್ದವು. ಒಂದು ಮನೆಯಿಂದ ಒಬ್ಬರೇ ಫೋನ್ ಮಾಡಬೇಕು. ಚಿಕ್ಕಪ್ಪ, ಭಾವ, ಭಾವನ ಗೆಳೆಯ ಎಂದು ಎಲ್ಲರೂ ಮಾಡಿದರೆ ಯಾರಿಗೂ ಉತ್ತರವಿಲ್ಲ. ಬಂದವರು ತಿಂಡಿ ತಿಂದಿರಬೇಕು. ತಿಂದಿಲ್ಲವಾದರೆ ಎದುರಿನ ಹೋಟೆಲಿಗೆ ಅಟ್ಟಿ, ಬಂದ ಮೇಲೆ ಮಾತು. ಇನ್ನೊಂದು ಪ್ರಶ್ನೆ ಎಲ್ಲರಿಗೂ ವಿಚಿತ್ರವಾಗಿ ಕೇಳಿಸುತ್ತಿತ್ತು: “ಮನೆಯ ಬಾಗಿಲು ಎಷ್ಟು ಅಗಲ ಉಂಟು?” ಹಿಂದೊಮ್ಮೆ ಉಳ್ಳಾಲದ ಒಂದು ಮನೆಗೆ ಪೆಟ್ಟಿಗೆ ತಲುಪಿದಾಗ ಅದು ಬಾಗಿಲಲ್ಲಿ ಹಿಡಿಸಲಿಲ್ಲವಂತೆ. ಅಡ್ಡ ಮಾಡಿದರೂ ಆಗಲಿಲ್ಲ, ಓರೆ ಮಾಡುವ ಹಾಗಿಲ್ಲ. ಕೊನೆಗೆ ಬಡಗಿಯನ್ನು ಕರೆಸಿ ಬಾಗಿಲಿನ ದಾರಂದವನ್ನೇ ಕೀಳಬೇಕಾಯಿತು, ಅಷ್ಟು ಹೊತ್ತು ಹೆತ್ತ ತಾಯಿ ಒಳಗೆ, ಮಗ ಹೊರಗೆ. “ತಪ್ಪು ನನ್ನದು. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ,” ಎನ್ನುತ್ತಿದ್ದರು ಅಕ್ಕ. ಅಲ್ಲಿಂದ ಮೇಲೆ ಅಳತೆ ಹೇಳದೆ ಅವರ ಮೇಜಿನಿಂದ ಯಾರೂ ಏಳುವಂತಿರಲಿಲ್ಲ.

ಇದನ್ನೆಲ್ಲ ನಾನು ದೂರದಿಂದ ಕಂಡು ನಗುತ್ತಿದ್ದವಳು. ಒಂದು ಶನಿವಾರ ಸೌದಿಯ ದಮ್ಮಾಮಿನಿಂದ ನಮ್ಮ ಮನೆಗೇ ಫೋನ್ ಬಂತು. ಅಲ್ಲಿ ದುಡಿಯುತ್ತಿದ್ದ ನನ್ನ ಅಣ್ಣ ಕೆಲಸ ಮುಗಿಸಿ ರೂಮಿಗೆ ಬಂದವನು, ಎದೆ ಹಿಡಿದುಕೊಂಡು ಕೂತವನು, ಏಳಲಿಲ್ಲ. ಹೇಳಿದ್ದು ಅವನ ಜೊತೆ ರೂಮಿನಲ್ಲಿದ್ದ ಮಲಯಾಳಿ ಗೆಳೆಯ. ನಾನು ಚಪ್ಪಲಿ ಹಾಕದೆ ಅಕ್ಕನ ಮನೆಗೆ ಓಡಿದೆ. ಅವರು ನನ್ನ ಕೈ ಹಿಡಿದು ಕೂರಿಸಿದರು, ನೀರು ಕೊಟ್ಟರು, ಮತ್ತು ಹೇಳಿದರು, “ಅಳುದು ಆಮೇಲೆ ಟೀಚರೇ. ಮೊದಲು ಪಾಸ್‌ಪೋರ್ಟಿನ ಕಾಪಿ ತನ್ನಿ.” ಆ ಕ್ಷಣದಲ್ಲಿ ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಲ್ಲಿನಂಥ ಹೆಂಗಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅಣ್ಣನಿಗೆ ಮದುವೆಯಾಗಿರಲಿಲ್ಲ. ಅಮ್ಮ ಅದಕ್ಕೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದಳು. ಉಳಿದದ್ದು ನಾನು ಮತ್ತು ಅಪ್ಪ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದವರು. ಮಾತು ಕಡಿಮೆ. ಅಣ್ಣನ ಕಂಪನಿಯವರು, ಒಪ್ಪಿಗೆ ಕೊಟ್ಟರೆ ಇಲ್ಲೇ ಮಣ್ಣು ಮಾಡಿ ಮುಗಿಸುತ್ತೇವೆ ಎಂದು ಹೇಳಿ ಕಳಿಸಿದಾಗ ಅಪ್ಪ ಮಾತಾಡಿದ್ದು ಎರಡೇ ವಾಕ್ಯ. “ಅವನು ಬರ್ಲಿ. ಅವನ ಅಮ್ಮನ ಹತ್ತಿರ ಮಲಗ್ಲಿ.”

ನಮ್ಮದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆ. ಸುಡುವ ಕ್ರಮ ನಮ್ಮಲ್ಲಿಲ್ಲ. ಕೂಳೂರು ಸೇತುವೆಯ ಆಚೆ, ಅಮ್ಮನ ಕಡೆಯ ಮೂಲಮನೆಯಾದ ತರವಾಡು ಮನೆಯ ಹಿತ್ತಿಲಲ್ಲಿ ಅಜ್ಜಿ, ಅಜ್ಜಿಯ ಅಣ್ಣಂದಿರು, ಅಮ್ಮ ಎಲ್ಲರನ್ನೂ ಮಣ್ಣು ಮಾಡಿದ್ದು. ಅಮ್ಮನ ಮಕ್ಕಳಾದ ಅಣ್ಣನಿಗೂ ನನಗೂ ಅಲ್ಲಿ ಜಾಗ ಉಂಟು. ಅಪ್ಪನಿಗೆ ಇಲ್ಲ, ಅವರದು ಅವರ ತಾಯಿಯ ಮನೆಯ ಲೆಕ್ಕ. ಹೀಗಾಗಿ ಮಗನ ವಿಷಯದಲ್ಲಿಯೂ ನಮ್ಮ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅಮ್ಮನ ಅಣ್ಣ, ನಮ್ಮ ಮಾವನದು. ಅವರು ಯಜಮಾನರು. ನಮ್ಮನ್ನು ಪ್ರೀತಿಯಿಂದಲೇ ನೋಡಿಕೊಂಡವರು, ಅದರಲ್ಲಿ ಸುಳ್ಳಿಲ್ಲ. ಆದರೆ ಎಲ್ಲಿ ಹೋದರೂ ಮುಂದಿನ ಕುರ್ಚಿ ಅವರದು. ಅಪ್ಪ ಹಿಂದಿನ ಬೆಂಚಿನಲ್ಲಿ.

ಆಸ್ಪತ್ರೆ, ಪೊಲೀಸು ಎಂದು ಅಲ್ಲಿನ ಕಾಗದಗಳು ಮುಗಿಯುವಾಗ ಹತ್ತು ದಿನ ಕಳೆಯಿತು. ಇನ್ನು ಮನೆಯವರ ಒಪ್ಪಿಗೆ ಪತ್ರವೊಂದು ಬಾಕಿ. ಆ ಗೆಳೆಯನೇ ಅಣ್ಣನನ್ನು ವಶಕ್ಕೆ ತೆಗೆದುಕೊಂಡು ವಿಮಾನಕ್ಕೆ ಹಾಕಬಹುದು ಎಂದು ನೋಟರಿಯ ಮುಂದೆ ಸಹಿ ಮಾಡಿ ಕಳಿಸಬೇಕು. ತಂದೆ ಬದುಕಿದ್ದರೆ ತಂದೆಯೇ ಸಹಿ ಮಾಡಬೇಕು. ಗುರುವಾರ ಮಧ್ಯಾಹ್ನದೊಳಗೆ ತಲುಪಿದರೆ ಭಾನುವಾರದ ವಿಮಾನ. ತಪ್ಪಿದರೆ ಅಲ್ಲಿ ಶುಕ್ರ, ಶನಿ ರಜೆ, ಇನ್ನೊಂದು ವಾರ ಅಣ್ಣ ಅಲ್ಲೇ. ಮಂಗಳವಾರ ಬೆಳಿಗ್ಗೆ ಮಾವ ಮತ್ತು ನಾನು ಅಕ್ಕನ ಮೇಜಿನ ಮುಂದೆ, ಅಪ್ಪ ಹಿಂದಿನ ಬೆಂಚಿನಲ್ಲಿ ಕೂತೆವು. ಅಕ್ಕ ಪಾಸ್‌ಪೋರ್ಟಿನ ಕಾಪಿಯನ್ನು ಎಂದಿನಂತೆ ಗಟ್ಟಿಯಾಗಿ ಓದಿದರು. ತಂದೆಯ ಹೆಸರಿನ ಜಾಗಕ್ಕೆ ಬಂದಾಗ ಮಾವನ ಹೆಸರು ಓದಿದರು.

ನನಗೆ ಅದು ಹೊಸತಲ್ಲ, ಆದರೆ ಅಷ್ಟು ವರ್ಷ ಅದರ ಬಗ್ಗೆ ಯೋಚಿಸಿರಲಿಲ್ಲ. ಅಣ್ಣನನ್ನು ಒಂದನೇ ಕ್ಲಾಸಿಗೆ ಸೇರಿಸಲು ಕೈ ಹಿಡಿದು ಕರೆದುಕೊಂಡು ಹೋದದ್ದು ಮಾವ. ಮನೆಯ ಯಜಮಾನ ಯಾರು ಎಂದು ಮಾಸ್ತರರು ಕೇಳಿದ್ದಾರೆ, ಮಾವ ತನ್ನ ಹೆಸರು ಹೇಳಿದ್ದಾರೆ, ಮಾಸ್ತರರು ಅದನ್ನೇ ತಂದೆಯ ಜಾಗದಲ್ಲಿ ಬರೆದಿದ್ದಾರೆ. ನನ್ನ ಸರದಿಯಲ್ಲಿ ಜನನ ಪತ್ರ ಕೇಳಿದ್ದರಿಂದ ನನಗೆ ಅಪ್ಪನ ಹೆಸರು ಸಿಕ್ಕಿತು. ಅಣ್ಣನದು ಶಾಲೆಯ ರಿಜಿಸ್ಟರಿನಿಂದ ಸರ್ಟಿಫಿಕೇಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹಾಗೆಯೇ ನಡೆದು ಹೋಯಿತು. ತಿದ್ದಿಸಬೇಕೆಂದು ಯಾರಿಗೂ ತೋರಲಿಲ್ಲ. ಅಪ್ಪ ಕೇಳಲೂ ಇಲ್ಲ.

“ನನ್ನ ಹೆಸರೇ ಉಂಟಲ್ಲ, ಮತ್ತೆಂತ? ನಾನೇ ಸೈನ್ ಹಾಕ್ತೇನೆ. ಇವತ್ತೇ ಕಳಿಸಿ,” ಎಂದರು ಮಾವ, ಕಿಸೆಯಿಂದ ಪೆನ್ನು ತೆಗೆಯುತ್ತ.

“ನೀವು ಅವರಿಗೆ ಎಂತ ಆಗ್ಬೇಕು?” ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೇಳಿದರು ಅಕ್ಕ.

“ಸೋದರಮಾವ. ಯಜಮಾನ.”

“ಇವರು?” ಅಕ್ಕ ಹಿಂದಿನ ಬೆಂಚಿನ ಕಡೆ ಗಲ್ಲ ಎತ್ತಿದರು.

“ಅವರು ನಮ್ಮ ಭಾವ,” ಎಂದರು ಮಾವ.

ಅಪ್ಪ ಹೌದೆಂದು ತಲೆಯಾಡಿಸಿದರು. ಅಕ್ಕ ನನ್ನನ್ನು ನೋಡಿದರು. ನಾನಾದರೂ ಬಾಯಿ ಬಿಡಬಹುದಿತ್ತು. ಬಿಟ್ಟೆ, ಆದರೆ ಹೇಳಿದ್ದು ಬೇರೆಯೇ. “ಅಕ್ಕ, ಮಾವ ಹಾಕಿದ್ರೆ ಇವತ್ತೇ ಆಗ್ತದಲ್ವಾ? ಅವನು ಅಲ್ಲಿ ಮಲಗಿ ಎಷ್ಟು ದಿನ ಆಯ್ತು.” ಈ ಮಾತನ್ನು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಬೆಂಚಿನಿಂದ ಅಪ್ಪನೂ, “ಅವರೇ ಹಾಕ್ಲಿ. ಪರವಾಗಿಲ್ಲ. ಅವನು ಬಂದ್ರೆ ಆಯ್ತು,” ಎಂದರು. ನಾವು ಮೂವರೂ ಒಂದು ಕಡೆ, ಅಕ್ಕ ಒಬ್ಬರೇ ಇನ್ನೊಂದು ಕಡೆ.

ಅಕ್ಕ ಪಾಸ್‌ಪೋರ್ಟಿನ ಕಾಪಿಯನ್ನು ಮಾವನ ಕಡೆಗೆ ತಿರುಗಿಸಿದರು. “ಯಜಮಾನರೇ, ಇದರಲ್ಲಿ ತಾಯಿ ಹೆಸರು ಯಾರದ್ದು?”

“ನನ್ನ ತಂಗಿಯದ್ದು.”

“ತಂದೆ?”

“ನಾನು. ಅಂದ್ರೆ, ಅದರಲ್ಲಿ ಉಂಟಲ್ಲ.”

“ತಂದೆ ಅಂತ ನೀವು ನೋಟರಿ ಎದುರು ಸೈನ್ ಹಾಕಿದ್ರೆ, ನಿಮ್ಮ ತಂಗಿ ನಿಮಗೆ ಎಂತ ಆದ್ರು? ನೀವೇ ಹೇಳಿ, ನನ್ನ ಬಾಯಲ್ಲಿ ಹೇಳಿಸ್ಬೇಡಿ.”

ಮಾವ ಕುರ್ಚಿಯಿಂದ ಚಂಗನೆ ಎದ್ದರು. “ಅಯ್ಯಯ್ಯೋ!” ಎಂದರು. ಮುಖ ಕೆಂಪಾಯಿತು, ಪೆನ್ನು ಕಿಸೆಗೆ ಹೋಯಿತು. ಹಿಂದಿನಿಂದ ಏನೋ ಸದ್ದು. ಅಪ್ಪನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಎದ್ದು ಹೋದೆ. ಅಪ್ಪ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟು ದಿನಗಳಲ್ಲಿ ನಮ್ಮ ಮನೆಯವರು ನಕ್ಕದ್ದು ಅದೇ ಮೊದಲು, ಅದೂ ಇಂಥ ಜಾಗದಲ್ಲಿ.

ನಗು ಮುಗಿಯಲು ಬಿಟ್ಟು ಅಕ್ಕ ಎದ್ದು ಬಂದು ಅಪ್ಪನ ಪಕ್ಕ ಬೆಂಚಿನಲ್ಲಿ ಕೂತರು. ಸ್ವರ ತಗ್ಗಿಸಿದ್ದರು. “ಅವರು ನಿಮ್ಮ ಮಗ ಅಂತ ಬರ್ದದ್ದು ಎಂತಾದ್ರೂ ಉಂಟಾ ನಿಮ್ಮತ್ರ? ಯಾವ ಹಳೇ ಕಾಗದ ಆದ್ರೂ ಆದೀತು.”

 ಅಪ್ಪ ಮನೆಗೆ ಹೋಗಿ ಬರುತ್ತೇನೆ ಎಂದು ಎದ್ದರು. ಅರ್ಧ ಗಂಟೆಯಲ್ಲಿ ತಂದದ್ದು ಕಾರ್ಖಾನೆಯ ಕಾಲದ ಇ.ಎಸ್.ಐ. ಕಾರ್ಡು. ಕೆಲಸಗಾರರ ಮನೆಯವರಿಗೆಲ್ಲ ಆಸ್ಪತ್ರೆಯ ಔಷಧಿ ಸಿಗಲೆಂದು ಕೊಡುತ್ತಿದ್ದದ್ದು. ಅದರಲ್ಲಿ ನಮ್ಮ ನಾಲ್ವರ ಫೋಟೋ. ಅಣ್ಣನಿಗೆ ಹತ್ತು ವರ್ಷ ಇರಬಹುದು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದಾರೆ. ಕೆಳಗೆ ಹೆಸರುಗಳು, ಎದುರಿಗೆ ಸಂಬಂಧ. ಅಣ್ಣನ ಹೆಸರಿನ ಎದುರು ಮಗ ಎಂದು ಬರೆದು, ಕಾರ್ಖಾನೆಯ ಮೊಹರು ಒತ್ತಿದ್ದರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು, ಆ ಕಾರ್ಡಿನಿಂದ ಒಂದು ಮಾತ್ರೆಯೂ ಸಿಗುತ್ತಿರಲಿಲ್ಲ. ಅಪ್ಪ ಅದನ್ನು ಯಾಕೆ ಇಟ್ಟುಕೊಂಡಿದ್ದರೆಂದು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

“ಸಾಕು,” ಎಂದರು ಅಕ್ಕ. “ಇದು ಸಾಕು.”

ಆ ದಿನವೂ ಮರುದಿನವೂ ನೋಟರಿಯ ಬಳಿ ಕಳೆಯಿತು. ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ. ಅದರ ಜೊತೆಗೆ ಅಪ್ಪನದು ಒಂದು ಅಫಿದವಿತ್: ನಾನೇ ತಂದೆ, ಪಾಸ್‌ಪೋರ್ಟಿನಲ್ಲಿರುವುದು ಸೋದರಮಾವನ ಹೆಸರು ಎಂದು. ಮಾವನದು ಇನ್ನೊಂದು: ನಾನು ತಂದೆಯಲ್ಲ, ಸೋದರಮಾವ ಎಂದು. ಸೈನ್ ಹಾಕಬೇಕೆಂದಿದ್ದ ಮಾವನಿಗೂ ಹೀಗೆ ಒಂದು ಸೈನ್ ಸಿಕ್ಕಿತು. ಅವರು ಅದನ್ನು ಮೂರು ಸಲ ಓದಿಸಿ, ಆಮೇಲೆ ಹಾಕಿದರು. ಬುಧವಾರ ಸಂಜೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಕ್ಕ ದಮ್ಮಾಮಿಗೆ ಕಳಿಸಿದರು.

ಗುರುವಾರ ನಾನು ಶಾಲೆಗೆ ರಜೆ ಹಾಕಿ ಅಕ್ಕನ ಎದುರು ಕೂತೆ. ಅವರು ಯಾರಿಗೋ ಮಸ್ಕತ್ತಿನ ಟಿಕೆಟ್ ಮಾಡುತ್ತಿದ್ದರು, ಕಿಟಕಿ ಸೀಟು ಬೇಕಾ ಎಂದು ಕೇಳುತ್ತಿದ್ದರು. ನನಗೆ ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟು. ಅಲ್ಲಿ ಆ ಕಾಗದ ಕೊಡಬೇಕಾದ ಆಫೀಸು ಮುಚ್ಚಲು ಒಂದು ಗಂಟೆ ಇದೆ ಎನ್ನುವಾಗ ಅಣ್ಣನ ಗೆಳೆಯನ ಫೋನ್ ಬಂತು. ಕೌಂಟರಿನವರು ಕಾಗದ ಹಿಂದಕ್ಕೆ ತಳ್ಳಿದ್ದಾರೆ, ಪಾಸ್‌ಪೋರ್ಟಿನಲ್ಲಿ ಬೇರೆ ತಂದೆ ಯಾಕೆ ಎಂದು ಕೇಳುತ್ತಿದ್ದಾರೆ.  ನಿಮ್ಮ ಹಟದಿಂದ ಹೀಗಾಯಿತು ಎಂದು ಅಕ್ಕನಿಗೆ ಹೇಳಿಯೂ ಬಿಟ್ಟೆ.

ಅಕ್ಕ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. “ಕೌಂಟರಿನಲ್ಲಿ ಯಾರು ಕೂತದ್ದು? ಮಲಯಾಳಿಯಾ? ಫೋನ್ ಅವರಿಗೆ ಕೊಡಿ,” ಎಂದರು. ಆಮೇಲೆ ಮಲಯಾಳದಲ್ಲಿ ಶುರುವಾಯಿತು. ನನಗೆ ಅರ್ಥವಾದದ್ದು ಒಂದೇ ಶಬ್ದ, ಮರುಮಕ್ಕತ್ತಾಯಂ. ನಮ್ಮ ಅಳಿಯಸಂತಾನಕ್ಕೆ ಕೇರಳದವರು ಹೇಳುವ ಹೆಸರು.  ಅತ್ತ ಕಡೆಯಿಂದ ನಗು ಕೇಳಿಸಿತು. ಮತ್ತೆ ತಿಳಿದದ್ದು, ಆ ಮನುಷ್ಯನ ಅಜ್ಜಿಯ ಮನೆಯಲ್ಲೂ ಕಾರಣವರು, ಅಂದರೆ ಯಜಮಾನರು, ಅಜ್ಜಿಯ ಅಣ್ಣನೇ ಅಂತೆ, ಶಾಲೆಗೆ ಸೇರಿಸುತ್ತಿದ್ದದ್ದೂ ಅವರೇ ಅಂತೆ. ಅಕ್ಕ ಅವನ ಅಜ್ಜಿಯ ಊರು ಕೇಳಿದರು, ಅಲ್ಲಿಗೆ ಹೋಗುವ ಬಸ್ಸು ಯಾವುದೆಂದೂ ಕೇಳಿದರೇನೋ. ಫೋನಿಟ್ಟು ನನ್ನ ಕಡೆ ತಿರುಗಿ, “ಭಾನುವಾರ ಬರ್ತಾರೆ,” ಎಂದರು. ಅಷ್ಟೇ. ನಾನು ಆಡಿದ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೆಯೂ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಬಜ್ಪೆ ವಿಮಾನ ನಿಲ್ದಾಣದ ಕಾರ್ಗೋ ಗೇಟಿನ ಬಳಿ ನಾವು ಆಂಬುಲೆನ್ಸ್ ಜೊತೆ ನಿಂತಿದ್ದೆವು. ಅಕ್ಕ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು ಬಂದಿದ್ದರು. ಎಲ್ಲಿ ಹೋದರೂ ಮೊದಲು ಮಾತಾಡುವವರು ಅವರೇ. ಗೇಟಿನವನ ಹತ್ತಿರ, ಡ್ರೈವರನ ಹತ್ತಿರ, ಡಾಕ್ಟರರ ಕಾಗದ ನೋಡುವವರ ಹತ್ತಿರ ಎಲ್ಲ ಅವರದೇ ಮಾತು ನಡೆದಿತ್ತು. ಬಿಸಿಲು ಏರುತ್ತಿತ್ತು. ಮಾವ ಬಿಳಿ ಪಂಚೆಯಲ್ಲಿ ಎಲ್ಲರಿಗಿಂತ ಮುಂದೆ, ಅಪ್ಪ ಆಂಬುಲೆನ್ಸಿನ ನೆರಳಿನಲ್ಲಿ.

ಕೌಂಟರಿನ ಕಿಟಕಿ ತೆರೆಯಿತು. ಒಳಗಿದ್ದವರು ರದ್ದು ಮಾಡಿದ ಪಾಸ್‌ಪೋರ್ಟನ್ನು ಬಿಡಿಸಿ ಅಣ್ಣನ ಹೆಸರು ಓದಿದರು. ಆಮೇಲೆ, “ಇವರ ತಂದೆ ಬಂದಿದ್ದಾರಾ?” ಎಂದು ಕೇಳಿ, ಪಾಸ್‌ಪೋರ್ಟಿನಲ್ಲಿ ಇದ್ದಂತೆ ಮಾವನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ನಮ್ಮ ಜೊತೆ ಬಂದವರೆಲ್ಲ ಮಾವನ ಕಡೆ ತಿರುಗಿದರು. ಅಕ್ಕ ಉತ್ತರ ಹೇಳಲು ಬಾಯಿ ತೆರೆದರು. ತೆರೆದವರು, ಮಾವನ ಮುಖ ನೋಡಿ, ಮುಚ್ಚಿದರು. ಅಷ್ಟು ವರ್ಷದ ಒಡನಾಟದಲ್ಲಿ ಅವರು ತಮ್ಮ ಮಾತನ್ನು ನುಂಗಿದ್ದು ನಾನು ಕಂಡದ್ದು ಅದೊಂದೇ ಸಲ. ಫೈಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಸುಮ್ಮನೆ ನಿಂತರು.

ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಆಂಬುಲೆನ್ಸಿನ ಕಡೆ ತಿರುಗಿದರು.

“ಭಾವ, ನಿಮ್ಮನ್ನು ಕರೀತಿದ್ದಾರೆ. ಹೋಗಿ.”

ಅಪ್ಪ ನೆರಳಿನಿಂದ ಹೊರಗೆ ಬಂದು, ಎಲ್ಲರನ್ನೂ ದಾಟಿ ಕಿಟಕಿಯ ಮುಂದೆ ನಿಂತರು.

“ನೀವು ಯಾರು?” ಒಳಗಿನವರು ಕೇಳಿದರು.

“ಅವನ ಅಪ್ಪ,” ಎಂದರು ಅಪ್ಪ. ಒಳಗಿನವರಿಗೆ ಕೇಳಿಸಲಿಲ್ಲವೇನೋ ಎಂದು ಕಿಟಕಿಗೆ ಇನ್ನಷ್ಟು ಬಗ್ಗಿ ಮತ್ತೊಮ್ಮೆ, ನಾನು ಹುಟ್ಟಿದ ಮೇಲೆ ಕೇಳದಷ್ಟು ಗಟ್ಟಿಯಾಗಿ ಹೇಳಿದರು, “ನಾನು ಅವನ ಅಪ್ಪ.”